ವೀಕ್ಷಣೆಗೆ ಮಕ್ಕಳದ್ದೇ ತೊಂದರೆ

ಮಲೆನಾಡಿನ ಹಳ್ಳಿಯೊಂದರ ಹಿಂದಿನ ಗುಡ್ಡದ ನೆತ್ತಿಯಲ್ಲಿ ಒಂದು ಕೈಯಲ್ಲಿ ಕೊಡೆ ಹಿಡಿದು, ಇನ್ನೊಂದು ಕೈಯಲ್ಲಿ ಮೊಬೈಲನ್ನು ಆಕಾಶಕ್ಕೆ ಎತ್ತಿ ನಿಂತ ಹೆಂಗಸು ಕಂಡರೆ ಗಾಬರಿಯಾಗಬೇಡಿ. ಮಳೆ ನಿಲ್ಲಲಿ ಅಂತ ಹರಕೆ ಹೊತ್ತವರಲ್ಲ. ಅವರು ಅಂಗನವಾಡಿ ಟೀಚರ್. ಮಕ್ಕಳ ಕಲಿಕೆಯ ವೀಕ್ಷಣೆ ಮಾಡುತ್ತಿದ್ದಾರೆ. ಮಕ್ಕಳೆಲ್ಲಿ ಅಂದಿರಾ? ಕೆಳಗೆ, ಅಂಗನವಾಡಿಯಲ್ಲಿ, ಸಹಾಯಕಿ ಹತ್ತಿರ. ಮಕ್ಕಳಿರುವಲ್ಲಿ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಇರುವಲ್ಲಿ ಮಕ್ಕಳಿಲ್ಲ. ಎರಡರಲ್ಲಿ ವೀಕ್ಷಣೆಗೆ ಬೇಕಾದ್ದು ಯಾವುದು ಅಂತ ಮೇಲಿನವರು ಯಾವತ್ತೋ ತೀರ್ಮಾನ ಮಾಡಿಯಾಗಿದೆ.

ಹಾಗಂತ ಟೀಚರನ್ನು ನೋಡಿ ನಗಬೇಡಿ. ಅವರ ಪಾಡು ಅವರಿಗೇ ಗೊತ್ತು. ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಮೊದಲ ಕಂತಿಗೆ ದೇಶದ 33 ಕಡೆ ಆರಿಸಿದರು, ನಮ್ಮ ಟಿ. ನರಸೀಪುರ ಅದರಲ್ಲಿ ಒಂದು. ಪೌಷ್ಟಿಕ ಆಹಾರ, ಚುಚ್ಚುಮದ್ದು, ತಪಾಸಣೆ, ಶಾಲಾಪೂರ್ವ ಶಿಕ್ಷಣ ಅಂತೆಲ್ಲ ಸೇರಿ ಆರು ಸೇವೆ. ಐವತ್ತು ವರ್ಷದಲ್ಲಿ ಸದ್ದಿಲ್ಲದೆ ಏಳನೆಯದೊಂದು ಸೇರಿಕೊಂಡಿದೆ. ಆರನ್ನೂ ಮಾಡಿದ್ದೇವೆ ಅಂತ ತೋರಿಸುವ ಸೇವೆ. ದಿನದಲ್ಲಿ ಜಾಸ್ತಿ ಹೊತ್ತು ತಿನ್ನುವುದು ಅದೇ. ಮೊದಲು ರಿಜಿಸ್ಟರ್ ಇತ್ತು. 2021ರಲ್ಲಿ ಪೋಷಣ್ ಟ್ರ್ಯಾಕರ್ ಅನ್ನುವ ಮೊಬೈಲ್ ಆ್ಯಪ್ ಬಂತು. ಇನ್ನು ಬರೆಯುವ ಕಾಟ ತಪ್ಪಿತು ಅಂದುಕೊಂಡರು. ಎಲ್ಲಿ ತಪ್ಪುತ್ತೆ? ಆ್ಯಪ್ ಕೈಕೊಟ್ಟರೆ ಇರಲಿ ಅಂತ ರಿಜಿಸ್ಟರ್, ರಿಜಿಸ್ಟರ್ ನಂಬುವ ಹಾಗಿಲ್ಲ ಅಂತ ಆ್ಯಪ್, ಎರಡನ್ನೂ ನಂಬುವ ಹಾಗಿಲ್ಲ ಅಂತ ಫೋಟೋ.

ಇದರ ನಡುವೆ ಬಂತು ವೀಕ್ಷಣೆ. ವಿಚಾರ ಒಳ್ಳೆಯದೇ, ಸುಳ್ಳು ಹೇಳಬಾರದು. 2020ರ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಬುನಾದಿ ಹಂತ ಅಂತ ಕರೆಯಿತು. 2022ರ ಅಕ್ಟೋಬರಿನಲ್ಲಿ ಆ ಹಂತಕ್ಕೆ ಪಠ್ಯಕ್ರಮದ ಚೌಕಟ್ಟೂ ಬಂತು. ಅದರ ಮಾತಿನ ತಾತ್ಪರ್ಯ ಇಷ್ಟು: ಮೂರರಿಂದ ಆರರ ಮಕ್ಕಳಿಗೆ ಪರೀಕ್ಷೆ ಬೇಡವೇ ಬೇಡ. ಮಗು ಆಡುವಾಗ ನೋಡಿ. ಏನು ಮಾಡಿತು, ಏನು ಹೇಳಿತು ಅನ್ನುವುದನ್ನು ಇದ್ದ ಹಾಗೇ ಬರೆದಿಡಿ. ಅದನ್ನು ನೋಡಿಕೊಂಡು ನಾಳೆಯ ಪಾಠ ಯೋಚಿಸಿ. ಇದಕ್ಕೆ ಬೇಕಾದ್ದು ಒಂದು ನೋಟ್‌ಬುಕ್ಕು, ಒಂದು ಪೆನ್ನು, ಸುಮ್ನೆ ಕೂರೋಕೆ ಹತ್ತು ನಿಮಿಷ. ನೋಟ್‌ಬುಕ್ಕು, ಪೆನ್ನು ಹೇಗೋ ಸಿಕ್ಕೀತು. ಆ ಹತ್ತು ನಿಮಿಷಕ್ಕೆ ಯಾವ ಟೆಂಡರು ಕರೆಯೋಣ?

ದೆಹಲಿಯಿಂದ ಹೊರಟ ಈ ಸರಳ ಮಾತು ಬೆಂಗಳೂರು ದಾಟಿ, ಜಿಲ್ಲೆ ದಾಟಿ, ತಾಲೂಕಿಗೆ ಬರುವಷ್ಟರಲ್ಲಿ ಮೈತುಂಬ ಚೌಕ ಹಾಕಿಕೊಂಡಿತ್ತು. ಅಡ್ಡಕ್ಕೆ ಮಕ್ಕಳ ಹೆಸರು, ಉದ್ದಕ್ಕೆ ಕೌಶಲ್ಯ. ಟಿಕ್ ಹಾಕಿ, ಸೊನ್ನೆ ಹಾಕಿ. ಪರೀಕ್ಷೆ ಬೇಡ ಅಂದಿದ್ದಕ್ಕೆ ಮಗುವಿಗೆ ಗೊತ್ತಾಗದ ಹಾಗೆ ಪರೀಕ್ಷೆ ಮಾಡುವ ವ್ಯವಸ್ಥೆ ಆಯಿತು.

ಅದರಲ್ಲಿ ಒಂದು ಸಾಲು ನೋಡಿ: ‘ಮಗು ನೇರ ಗೆರೆಯ ಮೇಲೆ ಬೀಳದೆ ನಡೆಯುತ್ತದೆಯೇ?’ ಸರಿ, ಟೀಚರ್ ಸುಣ್ಣದ ಕಡ್ಡಿಯಲ್ಲಿ ನೆಲದ ಮೇಲೆ ಗೆರೆ ಎಳೆದರು. ಸಾಲಿನಲ್ಲಿ ಒಂದು ಪುಟ್ಟಿ. ಮನೆ ಹಳ್ಳದಾಚೆ. ಬೆಳಿಗ್ಗೆ ಅಜ್ಜನ ಬೆರಳು ಹಿಡಿದುಕೊಂಡು ಸಂಕ ದಾಟಿಯೇ ಬರುವುದು. ಸಂಕ ಅಂದರೆ ಗೊತ್ತಲ್ಲ, ಎರಡು ಅಡಿಕೆ ಮರ ಜೋಡಿಸಿ ಕಟ್ಟಿದ್ದು, ಪಕ್ಕಕ್ಕೊಂದು ಬಿದಿರಿನ ಗಳ, ಕೆಳಗೆ ಕೆಂಪು ನೀರಿನ ಸೆಳವು. ಈ ಪುಟ್ಟಿ ಗೆರೆಯ ಮೇಲೆ ಎರಡು ಹೆಜ್ಜೆ ಇಟ್ಟಳು. ಬಗ್ಗಿ ನೋಡಿದಳು. ‘ಕೆಳಗೆ ನೀರೇ ಇಲ್ವಲ್ಲ ಟೀಚರ್’ ಅಂದವಳೇ ಗೆರೆ ಬಿಟ್ಟು ಅಡ್ಡಡ್ಡ ಓಡಿಹೋದಳು. ಫಾರಂ ಪ್ರಕಾರ ಅವಳ ಸಮತೋಲನ ಸುಧಾರಿಸಬೇಕು. ಸಂಕದ ಬದಲು ಅಲ್ಲೊಂದು ಸಣ್ಣ ಸೇತುವೆ ಮಾಡಿಕೊಡಿ ಅಂತ ಅವಳ ಅಜ್ಜ ಕೇಳುತ್ತಲೇ ಇದ್ದಾರೆ. ಅದಕ್ಕೆ ಚೌಕ ಇಲ್ಲ.

ಇನ್ನು ಯೋಜನೆ. ವಾರಕ್ಕೊಂದು ವಿಷಯ, ದಿನಕ್ಕೊಂದು ವೇಳಾಪಟ್ಟಿ. ‘ಹೊರಾಂಗಣ ಆಟ, 30 ನಿಮಿಷ’ ಅಂತ ಜುಲೈ ತಿಂಗಳ ಪಟ್ಟಿಯಲ್ಲೂ ಇರುತ್ತದೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯಲ್ಲೂ ಜುಲೈನಲ್ಲಿ ಹೊರಾಂಗಣ, ಬಿಸಿಲು ಬಡಿಯುವ ರಾಯಚೂರಿನಲ್ಲೂ ಹೊರಾಂಗಣ. ಆಮೇಲೆ ‘ಸ್ವತಂತ್ರ ಆಟ, 10.30ರಿಂದ 10.45’. ಹದಿನೈದು ನಿಮಿಷದ ಸ್ವಾತಂತ್ರ್ಯ, ಅದೂ ಟೀಚರ್ ಹೇಳಿದ ಮೂಲೆಯಲ್ಲಿ. ಹಂಚಿಕಡ್ಡಿ ಮನೆ ಕಟ್ಟುತ್ತಾ ಕೂತ ಮಾಣಿಗೆ 10.45 ಆಗಿದ್ದು ಹೇಗೆ ತಿಳಿಯಬೇಕು? ಅವನ ಮನೆಗೆ ಇನ್ನೂ ಮಾಡೇ ಹೊದೆಸಿಲ್ಲ. ಎಬ್ಬಿಸಿದರೆ ಅತ್ತ. ಅತ್ತಿದ್ದು ‘ಭಾವನಾತ್ಮಕ ಬೆಳವಣಿಗೆ’ ಕಾಲಮ್ಮಿಗೆ ಹೋಯಿತು. ಕಟ್ಟಿದ ಮನೆ ಯಾವ ಕಾಲಮ್ಮಿಗೂ ಹೋಗಲಿಲ್ಲ.

ತುಮರಿ ಕಡೆಯ ಟೀಚರೊಬ್ಬರು ಹೇಳಿದ ಸಂಗತಿಯನ್ನಂತೂ ಮರೆಯೋಕಾಗಲ್ಲ. ಸೇತುವೆ ಆಗುವುದಕ್ಕೆ ಮುಂಚಿನ ಮಾತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಶರಾವತಿ ಹಿನ್ನೀರು ಆ ಊರುಗಳನ್ನು ಸಾಗರ ಪಟ್ಟಣದಿಂದ ಕಡಿದು ಹಾಕಿತು. ಆಮೇಲೆ ಅಲ್ಲಿಯವರಿಗೆ ಲಾಂಚೇ ಗತಿ. ಜನ, ಬೈಕು, ಜೀಪು, ಬಸ್ಸು, ಎಲ್ಲ ಲಾಂಚ್ ಮೇಲೆ. ಕೊನೆಗೂ ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈ 14ರಂದು.

ಅದಕ್ಕೂ ಹಿಂದಿನ ಒಂದು ‘ಸಾರಿಗೆ ವಾರ’. ಟೀಚರ್ ಚಿತ್ರದ ಕಾರ್ಡು ಹರಡಿದ್ದರು. ಎರಡು ಬುಟ್ಟಿ: ನೆಲದ ಮೇಲೆ ಹೋಗುವ ವಾಹನ, ನೀರಿನ ಮೇಲೆ ಹೋಗುವ ವಾಹನ. ರೈಲು ಬಂತು, ಯಾರೂ ಸುಳಿವು ಕೊಡಲಿಲ್ಲ. ಹಡಗು ಬಂತು, ಅದಕ್ಕೂ ಇಲ್ಲ. ಬಸ್ಸಿನ ಚಿತ್ರ ಕಂಡದ್ದೇ ನಾಲ್ಕು ವರ್ಷದ ಒಬ್ಬ ಹುಡುಗ ಎದ್ದು ಬಂದ. ಕಾರ್ಡು ತೆಗೆದುಕೊಂಡು ಸೀದಾ ನೀರಿನ ಬುಟ್ಟಿಗೆ ಹಾಕಿದ.

‘ಯಾಕೋ ಅಪ್ಪಿ, ಬಸ್ಸು ನೀರಲ್ಲಿ ಹೋಗುತ್ತೇನೋ?’

‘ಹೌದು. ಲಾಂಚಿಗೆ ಹತ್ತುತ್ತಲ್ಲ. ಆಮೇಲೆ ಇಳಿಯುತ್ತೆ.’

ಅಲ್ಲಿಗೇ ನಿಲ್ಲಿಸಲಿಲ್ಲ. ಬಸ್ಸು ಹತ್ತುವಾಗ ಎಲ್ಲರೂ ಕೆಳಗಿಳಿಯಬೇಕು, ಡ್ರೈವರ್ ಮಾತ್ರ ಇಳಿಯುವುದಿಲ್ಲ, ಮೊದಲು ಬಸ್ಸು ಆಮೇಲೆ ಬೈಕು ಅಂತೆಲ್ಲ ವಿವರಿಸಿದ. ಇನ್ನೊಬ್ಬಳು ಎದ್ದು ಜೀಪಿನ ಕಾರ್ಡನ್ನೂ ನೀರಿಗೆ ಹಾಕಿದಳು. ಬರುಬರುತ್ತಾ ನೆಲದ ಬುಟ್ಟಿಯಲ್ಲಿ ಉಳಿದದ್ದು ರೈಲು ಒಂದೇ.

ಫಾರಮ್ಮಿನಲ್ಲಿ ಇದ್ದದ್ದು: ‘ಮಗು ವಸ್ತುಗಳನ್ನು ಸರಿಯಾಗಿ ವರ್ಗೀಕರಿಸುತ್ತದೆ.’ ಉತ್ತರ ಸೊನ್ನೆ. ಇಡೀ ಅಂಗನವಾಡಿಗೇ ಸೊನ್ನೆ. ಕ್ಲಸ್ಟರ್ ಸಭೆಯಲ್ಲಿ ಆ ಕೇಂದ್ರದ ಮಕ್ಕಳು ‘ಬೌದ್ಧಿಕವಾಗಿ ಹಿಂದುಳಿದಿದ್ದಾರೆ’ ಅಂತ ಚರ್ಚೆಯೂ ಆಯಿತಂತೆ. ಮುಂದಿನ ವಾರ ಪರಿಹಾರ ಬೋಧನೆ. ಬಸ್ಸು ನೀರಿನಲ್ಲಿ ಹೋಗುವುದಿಲ್ಲ ಅಂತ ಮಕ್ಕಳಿಗೆ ಕಲಿಸಬೇಕು. ಹಾಗೆ ಕಲಿಸೋಕೆ ಬಂದ ಮೇಲ್ವಿಚಾರಕರು ಬಂದದ್ದೂ ಲಾಂಚ್ ಹತ್ತಿ ಇಳಿಯುವ ಬಸ್ಸಿನಲ್ಲೇ.

ಆ ಟೀಚರ್ ಮಾತ್ರ ತಮ್ಮ ಸ್ವಂತದ ಒಂದು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬೇರೆ ಬರೆದಿಟ್ಟಿದ್ದರು: ‘11.10. ಬಸ್ ಕಾರ್ಡನ್ನು ನೀರಿಗೆ ಹಾಕಿದ. ಲಾಂಚಿಗೆ ಹತ್ತುತ್ತಲ್ಲ ಅಂದ. ಯಾವುದು ಮೊದಲು, ಯಾವುದು ಆಮೇಲೆ ಅಂತ ಕ್ರಮವಾಗಿ ಹೇಳಿದ.’ ಜಾಣ, ದಡ್ಡ ಅಂತ ಒಂದು ಮಾತಿಲ್ಲ. ಕಂಡದ್ದು, ಕೇಳಿದ್ದು ಅಷ್ಟೇ. ಮಾರನೇ ದಿನ ಯೋಜನೆಯಲ್ಲಿದ್ದ ವಿಮಾನ ಬಿಟ್ಟು, ಬಕೆಟ್ಟಿನಲ್ಲಿ ನೀರು ತುಂಬಿ ಅಡಿಕೆ ಹಾಳೆಯ ಲಾಂಚ್ ಬಿಟ್ಟರು. ಎಷ್ಟು ಕಲ್ಲು ಇಟ್ಟರೆ ಮುಳುಗುತ್ತೆ, ಒಂದೇ ಬದಿಗೆ ಇಟ್ಟರೆ ಏನಾಗುತ್ತೆ, ದೊಡ್ಡ ಕಲ್ಲು ಒಂದೋ ಸಣ್ಣದು ನಾಲ್ಕೋ. ಮಧ್ಯಾಹ್ನದ ಊಟಕ್ಕೂ ಮಕ್ಕಳು ಏಳಲಿಲ್ಲವಂತೆ. ಪಠ್ಯಕ್ರಮದ ಚೌಕಟ್ಟು ಕೇಳಿದ್ದು ಅಕ್ಷರಶಃ ಇದನ್ನೇ. ಆದರೆ ಅವತ್ತು ‘ವಿಮಾನ’ದ ಫೋಟೋ ಹೋಗಲಿಲ್ಲ ಅಂತ ಟೀಚರಿಗೆ ನೋಟಿಸ್ ಬಂತು.

ವೀಕ್ಷಣೆ ಅಂದಾಗ ಮರಿಯಾ ಮಾಂಟೆಸರಿ ನೆನಪಾಗದೆ ಇರಲ್ಲ. ನಮ್ಮಲ್ಲಿ ಬೋರ್ಡಿನ ಮೇಲೆ ಅವರ ಹೆಸರು ಜಾಸ್ತಿ, ಒಳಗೆ ಕಡಿಮೆ. ಓದಿದ್ದು ವೈದ್ಯಕೀಯ. 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಮಕ್ಕಳ ಮನೆ ತೆರೆದರು. ರೋಗಿಯನ್ನು ನೋಡುವ ತಾಳ್ಮೆಯಲ್ಲೇ ಮಕ್ಕಳನ್ನೂ ನೋಡಿದರು. ಮೂರು ವರ್ಷದ ಒಂದು ಹುಡುಗಿ ಮರದ ಉರುಳೆಗಳನ್ನು ಅವುಗಳ ತೂತಿಗೆ ಕೂರಿಸುವುದು, ಮತ್ತೆ ಕೀಳುವುದು, ಮತ್ತೆ ಕೂರಿಸುವುದು ಮಾಡುತ್ತಿದ್ದಳು. ಮಾಂಟೆಸರಿ ಎಣಿಸುತ್ತಾ ಕೂತರು. ಉಳಿದ ಮಕ್ಕಳಿಗೆ ಹಾಡು ಹೇಳುತ್ತಾ ಓಡಾಡೋಕೆ ಹೇಳಿಸಿದರು. ಹುಡುಗಿ ತಲೆ ಎತ್ತಲಿಲ್ಲ. ಕೂತಿದ್ದ ಕುರ್ಚಿ ಸಮೇತ ಎತ್ತಿ ಮೇಜಿನ ಮೇಲಿಟ್ಟರು. ಅವಳು ಆಟದ ಸಾಮಾನನ್ನು ತೊಡೆಯ ಮೇಲೆ ಅವುಚಿಕೊಂಡು ಅದೇ ಕೆಲಸ ಮುಂದುವರಿಸಿದಳು. ನಲವತ್ತಕ್ಕೂ ಜಾಸ್ತಿ ಸಲ ಮಾಡಿ, ತಾನಾಗೇ ನಿಲ್ಲಿಸಿ, ಖುಷಿಯಾಗಿ ಸುತ್ತ ನೋಡಿದಳಂತೆ. ಪುಟ್ಟ ಮಕ್ಕಳ ಏಕಾಗ್ರತೆಯ ಬಗ್ಗೆ ಮಾಂಟೆಸರಿ ಕಟ್ಟಿದ ವಿಚಾರಕ್ಕೆಲ್ಲ ಈ ಪ್ರಸಂಗ ಒಂದು ಬೇರು.

ಅದೇ ಹುಡುಗಿ ನಮ್ಮ ಫಾರಮ್ಮಿಗೆ ಸಿಕ್ಕಿದ್ದರೆ? ‘ಗುಂಪು ಚಟುವಟಿಕೆಯಲ್ಲಿ ಭಾಗವಹಿಸುವುದಿಲ್ಲ. ಸೂಚನೆಗೆ ಸ್ಪಂದಿಸುವುದಿಲ್ಲ. ಒಂದೇ ಚಟುವಟಿಕೆಗೆ ಅಂಟಿಕೊಂಡಿದ್ದಾಳೆ. ಪೋಷಕರನ್ನು ಕರೆಸುವುದು.’

ಉರುಳೆಗಳು ಸಿಗುತ್ತಿದ್ದವೋ ಇಲ್ಲವೋ, ಅದೂ ಅನುಮಾನ. ಆಟದ ಕಿಟ್ ಬರುವುದು ಬರುತ್ತದೆ. ಒಳ್ಳೊಳ್ಳೆ ಸಾಮಾನೇ ಇರುತ್ತದೆ. ಆದರೆ ಒಂದು ಗೊಂಬೆ ಮುರಿದರೆ ಸ್ಟಾಕ್ ಪುಸ್ತಕಕ್ಕೆ ಟೀಚರ್ ಉತ್ತರ ಹೇಳಬೇಕು. ಹಾಗಾಗಿ ಕಿಟ್ ಬೀರುವಿನಲ್ಲಿ, ಬೀರುವಿಗೆ ಬೀಗ, ಬೀಗದ ಕೈ ಟೀಚರ್ ಸೊಂಟದಲ್ಲಿ. ತಪಾಸಣೆ ದಿನ ಪ್ಲಾಸ್ಟಿಕ್ ಹೊದಿಕೆ ಸಮೇತ ಜೋಡಿಸಿಟ್ಟರೆ ‘ಉತ್ತಮ ನಿರ್ವಹಣೆ’ ಅಂತ ಷರಾ. ಅಷ್ಟು ಹೊತ್ತು ಮಕ್ಕಳು ಜಗಲಿಯಲ್ಲಿ ಅಡಿಕೆ ಹಾಳೆ ಮೇಲೆ ಒಬ್ಬರನ್ನೊಬ್ಬರು ಕೂರಿಸಿ ಎಳೆದಾಡುತ್ತಿರುತ್ತಾರೆ.

ಇದೆಲ್ಲ ಸರ್ಕಾರಿ ಗೋಳು, ದುಡ್ಡು ಕೊಟ್ಟರೆ ಬೇರೆ ತರ ಇರುತ್ತೆ ಅಂದುಕೊಂಡಿದ್ದರೆ ಶಿವಮೊಗ್ಗಕ್ಕೆ ಬನ್ನಿ. ಬೇರೆ ತರವೇ ಇದೆ. ಇಲ್ಲಿ ವೀಕ್ಷಣೆ ಬಣ್ಣದ ಕಾಗದದಲ್ಲಿ, ಇಂಗ್ಲಿಷಿನಲ್ಲಿ ಬರುತ್ತದೆ. ಮಾಡೆಲ್ ಮಾಡಿಕೊಂಡು ಬರಬೇಕು ಅಂತ ಸಂಜೆ ಏಳಕ್ಕೆ ವಾಟ್ಸಾಪ್ ಬರುತ್ತದೆ. ಒಂಬತ್ತಕ್ಕೆ ಅಪ್ಪಂದಿರು ಗಾಂಧಿ ಬಜಾರಿನಲ್ಲಿ ಥರ್ಮಾಕೋಲ್ ಹುಡುಕುತ್ತಿರುತ್ತಾರೆ. ಹನ್ನೊಂದಕ್ಕೆ ಅಮ್ಮಂದಿರು ಫೆವಿಕಾಲ್ ಹಚ್ಚುತ್ತಿರುತ್ತಾರೆ. ಮಗು ಆಗಲೇ ಮಲಗಿರುತ್ತೆ. ಬೆಳಿಗ್ಗೆ ಅದಕ್ಕೆ ‘ಸೃಜನಶೀಲತೆ: ಎ ಪ್ಲಸ್’.

ಪರಿಚಯದವರೊಬ್ಬರು ಮಗಳ ನರ್ಸರಿ ವರದಿ ತೋರಿಸಿದರು. ‘ಹಿ ಈಸ್ ಎ ಕ್ಯೂರಿಯಸ್ ಲರ್ನರ್’ ಅಂತಿತ್ತು. ಇಡೀ ತರಗತಿಗೆ ಅದೇ ವಾಕ್ಯ. ಕಾಪಿ ಮಾಡುವಾಗ ಹುಡುಗ ಹುಡುಗಿ ನೋಡುವಷ್ಟು ವೀಕ್ಷಣೆಗೆ ಪುರುಸೊತ್ತಿರಲಿಲ್ಲ. ಪೋಷಕರ ಸಭೆಯಲ್ಲಿ ಮಿಸ್ಸು ಗಂಭೀರವಾಗಿ ಹೇಳಿದರಂತೆ: ‘ಲೀಡರ್‌ಶಿಪ್‌ನಲ್ಲಿ ಸ್ವಲ್ಪ ವೀಕ್ ಇದ್ದಾಳೆ ಸರ್.’ ಇವರು ಅಂದರು: ‘ಹೌದು ಮಿಸ್. ಸದ್ಯಕ್ಕೆ ಚಡ್ಡಿ ಹಾಕಿಕೊಳ್ಳೋದು ಕಲೀತಿದಾಳೆ. ಅದು ಮುಗಿದ ಮೇಲೆ ಲೀಡರ್ ಮಾಡೋಣ.’

ಮೊನ್ನೆ ಅಂಗನವಾಡಿ ಟೀಚರುಗಳ ಒಂದು ಸಭೆಯ ಸುದ್ದಿ ಕಿವಿಗೆ ಬಿತ್ತು. ನಿಜವೋ, ಯಾರಾದರೂ ಕಟ್ಟಿದ್ದೋ ಬೇರೆ ಮಾತು. ನಂಬುವ ಹಾಗಂತೂ ಇದೆ. ತಿಂಗಳ ಕೊನೆಗೆ ಎಲ್ಲರೂ ಒಟ್ಟಿಗೆ ವೀಕ್ಷಣೆ ಹಾಕೋಕೆ ನುಗ್ಗುವುದರಿಂದ ಸರ್ವರ್ ಮಲಗಿಬಿಡುತ್ತಂತೆ. ಅದಕ್ಕೆ ಜುಲೈ ತಿಂಗಳಿನದ್ದನ್ನು ಜೂನ್ ಇಪ್ಪತ್ತರೊಳಗೆ ಹಾಕಿ ಮುಗಿಸಬೇಕು.

‘ಮೇಡಂ, ಜುಲೈನಲ್ಲಿ ಮಕ್ಕಳು ಏನು ಕಲಿತವು ಅಂತ ಜೂನ್‌ನಲ್ಲಿ ಹೇಗೆ ಬರೆಯೋದು?’

‘ಜುಲೈ ಯೋಜನೆ ನಿಮ್ಮ ಹತ್ರ ಇದೆ ಅಲ್ವಾ? ಅದರಲ್ಲಿ ಇರೋದನ್ನೇ ಕಲಿತಿರ್ತವೆ.’

‘ಫೋಟೋ?’

‘ಹೋದ ವರ್ಷದ್ದು ಇರುತ್ತಲ್ಲ. ಮಕ್ಕಳೆಲ್ಲ ಒಂದೇ ತರ ಕಾಣ್ತವೆ.’

ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ‘ಜುಲೈನಲ್ಲಿ ರೆಡ್ ಅಲರ್ಟ್ ಅಂತ ವಾರಗಟ್ಟಲೆ ರಜೆ ಕೊಡ್ತಾರೆ ಮೇಡಂ. ಆ ದಿನಗಳಿಗೂ ಹಾಕಬೇಕಾ?’

‘ಹಾಕಿ ಹಾಕಿ. ರಜೆ ದಿನದ್ದೇ ನೀಟಾಗಿ ಬರುತ್ತೆ. ಮಕ್ಕಳ ಗಲಾಟೆ ಇರಲ್ಲ.’