ಒಂದು ನಿಮಿಷದ ಓಟ, ಅರ್ಧ ಗಂಟೆಯ ಲೆಕ್ಕ

ಚಾಮುಂಡಿ ಬೆಟ್ಟದ ಮೇಲಿಂದ ನೆಂಟರಿಗೆ ಮೈಸೂರು ತೋರಿಸುವುದಕ್ಕೆ ಒಂದು ಕ್ರಮ ಉಂಟು. ಮೊದಲು ಅರಮನೆಯನ್ನು ಹುಡುಕಬೇಕು. ಆಮೇಲೆ ಬೆಳ್ಳಗಿನ ಲಲಿತಮಹಲು, ಕಾರಂಜಿ ಕೆರೆ. ಹುಡುಕುವ ಕಷ್ಟವನ್ನೇ ಕೊಡದೆ ಕಣ್ಣಿಗೆ ಬೀಳುವುದು ಬೆಟ್ಟದ ಬುಡದಲ್ಲಿರುವ ಮೊಟ್ಟೆಯಾಕಾರದ ಹಸಿರು ಬಯಲು. ‘ಅದೇನು, ಸ್ಟೇಡಿಯಮ್ಮಾ?’ ಎಂದು ಕೇಳಿದರೆ, ‘ಅಲ್ಲ, ರೇಸ್ ಕೋರ್ಸು’ ಎನ್ನುವಾಗ ಮೈಸೂರಿಗರ ದನಿ ಒಂದಿಷ್ಟು ತಗ್ಗುತ್ತದೆ. ಕುದುರೆ ಬಾಲಕ್ಕೆ ಮನೆಯನ್ನೇ ಬಾಜಿ ಕಟ್ಟಿ ಕಳೆದುಕೊಂಡ ಚಿಕ್ಕಪ್ಪನೊಬ್ಬನ ಕಥೆ ಎಲ್ಲ ಬಳಗದಲ್ಲೂ ಇರುತ್ತದಲ್ಲ, ಅದರ ಪರಿಣಾಮ.

ಹಿರಿತನ ನೋಡಿದರೆ ದನಿ ತಗ್ಗಿಸಬೇಕಾದ್ದೇನಿಲ್ಲ. ಮೈಸೂರು ರೇಸ್ ಕ್ಲಬ್ ಹುಟ್ಟಿದ್ದು 1891ರಲ್ಲಿ, ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ. ಮೃಗಾಲಯ ಅದಕ್ಕಿಂತ ಒಂದು ವರ್ಷ ಕಿರಿದು. ವಿಶ್ವವಿದ್ಯಾನಿಲಯ ಬಂದದ್ದು 1916ಕ್ಕೆ. ಟಿಕೆಟ್ ಕೊಂಡು ನಾವು ನೋಡುವ ಈಗಿನ ಅರಮನೆ ಕೂಡ ಕಟ್ಟಿ ಮುಗಿದದ್ದು 1912ರಲ್ಲಿ. ಇನ್ನು ಈ ಸೀಮೆಗೂ ಕುದುರೆಗೂ ಇರುವ ನಂಟು ಹೈದರ್, ಟಿಪ್ಪು ಕಾಲದ್ದು. ಅವರ ಅಶ್ವದಳಕ್ಕೆ ಕುದುರೆ ಸಾಕುತ್ತಿದ್ದ ಕುಣಿಗಲ್ಲಿನಲ್ಲೇ ಮುಂದೆ ರೇಸಿನ ಕುದುರೆಗಳ ಸ್ಟಡ್ ಫಾರಂ ಬೆಳೆಯಿತು.

ರೇಸ್ ಅಂದರೆ ಬರೀ ಓಟ ಅಂದುಕೊಂಡು ಹೋದವರಿಗೆ ನಿರಾಸೆ ಖಂಡಿತ. 1,200 ಮೀಟರ್ ಓಟ ಒಂದು ನಿಮಿಷ ಹದಿನೈದು ಸೆಕೆಂಡಿನೊಳಗೆ ಮುಗಿದೇ ಹೋಗುತ್ತದೆ. ಅದರಲ್ಲೂ ಆಚೆ ಬದಿಯಲ್ಲಿ ಓಡುವಾಗ ಕಾಣುವುದು ಜಾಕಿಗಳ ಬಣ್ಣದ ಅಂಗಿ ಮಾತ್ರ. ಮುಂದಿನ ರೇಸಿಗೆ ಅರ್ಧ ಗಂಟೆ ಕಾಯಬೇಕು. ನನ್ನನ್ನು ಕೇಳಿದರೆ ರೇಸ್ ಕೋರ್ಸಿನ ನಿಜವಾದ ಸೊಗಸು ಇರುವುದೇ ಆ ಅರ್ಧ ಗಂಟೆಯಲ್ಲಿ. ಅಷ್ಟು ಜನ ಗಂಡಸರು ಒಂದೇ ಕಡೆ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಪೆನ್ಸಿಲ್ ಹಿಡಿದು ಪುಸ್ತಕ ಓದುವುದನ್ನು ನಾನು ಯಾವ ಗ್ರಂಥಾಲಯದಲ್ಲೂ ಕಂಡಿಲ್ಲ. ರೇಸ್ ಪುಸ್ತಕದಲ್ಲಿ ಕುದುರೆಯ ಅಪ್ಪ ಯಾರು, ಅಮ್ಮ ಯಾರು, ಹೊತ್ತ ಭಾರ ಎಷ್ಟು, ಹೋದ ಸಲ ಎಷ್ಟನೆಯದಾಗಿ ಬಂತು ಎಲ್ಲ ಇರುತ್ತದೆ. ಸ್ವಂತ ಮುತ್ತಜ್ಜನ ಹೆಸರು ತಡವರಿಸುವವರು ಕುದುರೆಯ ವಂಶಾವಳಿಯನ್ನು ಗಂಡು, ಹೆಣ್ಣು ಎರಡೂ ಕಡೆಯಿಂದ ಒಪ್ಪಿಸುತ್ತಾರೆ. ರೇಸಿಗೆ ಓಡುವ ಥರೋಬ್ರೆಡ್ ತಳಿಯ ಗಂಡು ಸಂತತಿಯೆಲ್ಲ ಇಂಗ್ಲೆಂಡಿಗೆ ಬಂದ ಮೂರೇ ಗಂಡುಕುದುರೆಗಳಿಗೆ ಹೋಗಿ ಮುಟ್ಟುತ್ತದಂತೆ. ಯಾವ ತಿಂಗಳಲ್ಲಿ ಹುಟ್ಟಿದರೂ ನಮ್ಮಲ್ಲಿ ಲೆಕ್ಕಕ್ಕೆ ಎಲ್ಲವಕ್ಕೂ ಜನವರಿ 1ಕ್ಕೇ ವರ್ಷ ತುಂಬುತ್ತದೆ, ನಮ್ಮ ಮೇಷ್ಟ್ರುಗಳು ಶಾಲೆಗೆ ಸೇರಿಸುವಾಗ ಊರಿನ ಮಕ್ಕಳಿಗೆಲ್ಲ ಜೂನ್ 1 ಬರೆದ ಹಾಗೆ.

ಓಟಕ್ಕೆ ಮುಂಚೆ ಪ್ಯಾಡಾಕ್ ಎನ್ನುವ ಬೇಲಿಯೊಳಗಿನ ಅಂಗಳದಲ್ಲಿ ಕುದುರೆಗಳನ್ನು ಸುತ್ತು ಹೊಡೆಸುವುದನ್ನಂತೂ ತಪ್ಪಿಸಿಕೊಳ್ಳಬಾರದು. ಮೈ ಮಿರಮಿರ ಹೊಳೆಯುತ್ತಿರುತ್ತದೆ. ತೊಡೆಯ ಮೇಲಿನ ನರ ಒಂದೊಂದೂ ಎಣಿಸುವ ಹಾಗೆ ಕಾಣುತ್ತದೆ. ಬೇಲಿಯ ಈಚೆ ಕೈಕಟ್ಟಿ ನಿಂತವರು ಕಿವಿ ನೋಡಿ, ಬೆವರು ನೋಡಿ, ‘ಇವತ್ತು ಇದು ಓಡಲ್ಲ ಕಣ್ರೀ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಕೊಟ್ಟು, ಬಾಜಿ ಕಟ್ಟುವ ಟೋಟ್ ಕೌಂಟರಿಗೆ ಹೋಗಿ ಅದರ ಮೇಲೇ ‘ಪ್ಲೇಸ್’ ಕಟ್ಟುತ್ತಾರೆ, ಅಂದರೆ ಗೆಲ್ಲದಿದ್ದರೂ ಮೊದಲ ಕೆಲವರಲ್ಲಿ ಬಂದೀತು ಎಂದು!

ಇದು ವಿದ್ಯೆಯೋ ಜೂಜೋ? ನಳನ ಕಥೆಯಲ್ಲಿ ಇದಕ್ಕೊಂದು ಜಾಗ ಇದೆ. ಪಗಡೆಯಲ್ಲಿ ರಾಜ್ಯ ಸೋತ ನಳ ಬಾಹುಕನಾಗಿ ಋತುಪರ್ಣನ ರಥ ಹೊಡೆಯುತ್ತಾನೆ. ನಳನಿಗೆ ಗೊತ್ತಿದ್ದದ್ದು ಅಶ್ವಹೃದಯ, ಅಂದರೆ ಕುದುರೆಯ ವಿದ್ಯೆ; ಋತುಪರ್ಣನಿಗೆ ಅಕ್ಷಹೃದಯ, ಅಂದರೆ ದಾಳದ ವಿದ್ಯೆ. ದಾರಿಯಲ್ಲಿ ತಾರೆಮರದ ಕೆಳಗೆ ಋತುಪರ್ಣ ತನ್ನ ವಿದ್ಯೆ ಕೊಡುತ್ತಾನೆ, ನಳ ತನ್ನದನ್ನು ಆಮೇಲೆ ಕೊಟ್ಟು ತೀರಿಸುತ್ತಾನೆ. ಎರಡೂ ಗೊತ್ತಿದ್ದವನಿಗೆ ಮಾತ್ರ ರೇಸ್ ಕೋರ್ಸಿನಲ್ಲಿ ಬಸ್ ಚಾರ್ಜು ಉಳಿದೀತು. ಸುಪ್ರೀಂ ಕೋರ್ಟು 1996ರಲ್ಲಿ ನಳನ ಕಡೆ ನಿಂತು, ಕುದುರೆ ರೇಸು ಕೌಶಲದ ಆಟ ಎಂದಿತು. ಜಿಎಸ್‌ಟಿಯವರು ಅಷ್ಟು ಸುಲಭಕ್ಕೆ ಒಪ್ಪುವವರಲ್ಲ. 2023ರ ಅಕ್ಟೋಬರಿನಿಂದ ಕಟ್ಟಿದ ಹಣದ ಮೇಲೆ 28 ಪರ್ಸೆಂಟ್ ಹಾಕಿದರು, 2025ರ ಸೆಪ್ಟೆಂಬರಿನಲ್ಲಿ ಅದನ್ನು 40ಕ್ಕೆ ಏರಿಸಿದರು. ಅವರ ಕಣ್ಣಿಗೆ ನಳನೂ ಒಂದೇ, ಪಗಡೆಯೂ ಒಂದೇ.

ತೆರಿಗೆಗಿಂತ ದೊಡ್ಡ ಭಯ ನೆಲದ್ದು. ಊಟಿಯ ರೇಸ್ ಕೋರ್ಸನ್ನೂ ಚೆನ್ನೈನ ಗಿಂಡಿಯದನ್ನೂ ತಮಿಳುನಾಡು ಸರ್ಕಾರ 2024ರಲ್ಲಿ ವಾಪಸು ತೆಗೆದುಕೊಂಡಿತು. ಬೆಂಗಳೂರಿನ ನಟ್ಟನಡುವೆ ಇರುವುದನ್ನು ಊರಾಚೆ ಕಳಿಸುವ ಮಾತು ಎಷ್ಟೋ ವರ್ಷಗಳಿಂದ ನಡೆದೇ ಇದೆ. ಮೈಸೂರಿನದರ ಗುತ್ತಿಗೆಯೂ ಆಗಾಗ ಪೇಪರಿನಲ್ಲಿ ಬರುತ್ತದೆ. ರೇಸ್ ನಿಂತರೆ ನನಗೆ ಅಂಥ ದುಃಖವೇನಿಲ್ಲ, ಚಿಕ್ಕಪ್ಪಂದಿರು ಉಳಿದಾರು. ಆದರೆ ಆ ಬಯಲಿನ ಮೇಲೆ ಒಂದು ಲೇಔಟ್ ಎದ್ದರೆ ಅದನ್ನು ಸಹಿಸುವುದು ಕಷ್ಟ.

ಓಟ ಮುಗಿಸಿದ ಕುದುರೆಗಳಲ್ಲಿ ಕೆಲವು ಸವಾರಿ ಶಾಲೆ ಸೇರುತ್ತವೆ, ಕೆಲವು ಮೌಂಟೆಡ್ ಪೊಲೀಸರ ಪಾಲಾಗುತ್ತವೆ. ಹಾಗೆ ಪೊಲೀಸು ಸೇರಿದ್ದಕ್ಕೆ ದಸರಾ ಮೆರವಣಿಗೆಯ ಸರದಿ ಬಂದರೆ ಅರಮನೆಯಿಂದ ಬನ್ನಿಮಂಟಪಕ್ಕೆ ಐದು ಕಿಲೋಮೀಟರ್ ನಡೆಯಬೇಕು. ಹಳೆಯ ವೇಗದಲ್ಲಿ ಐದಾರು ನಿಮಿಷದ ದಾರಿ ಅದು. ಈಗ ಆನೆಯ ಹೆಜ್ಜೆಗೆ ಹೆಜ್ಜೆ ಹೊಂದಿಸುತ್ತಾ, ಕಡಲೆಕಾಯಿ ತಿನ್ನುವ ಜನರ ನಡುವೆ ಗಂಟೆಗಟ್ಟಲೆ ಸಾಗಬೇಕು. ಯಾರು ಮೊದಲು ಬರುತ್ತಾರೆಂದು ಅಲ್ಲಿ ಬಾಜಿ ಕಟ್ಟುವವರೂ ಇಲ್ಲ.