ರಾಜ್ಯಶಾಸ್ತ್ರ ಓದುವವರೇ, ಲೆಕ್ಕಕ್ಕೆ ಹೆದರಬೇಡಿ

"ರಾಜ್ಯಶಾಸ್ತ್ರ ತಗೊಂಡಿದ್ದೀಯಾ? ಹಾಗಾದ್ರೆ ಮುಂದೆ ಎಲೆಕ್ಷನ್‌ಗೆ ನಿಲ್ತೀಯಾ?" ಯೂನಿವರ್ಸಿಟಿ ಸೇರಿದ ಹೊಸದರಲ್ಲಿ ಎಲ್ಲರೂ ಇದನ್ನೇ ಕೇಳುತ್ತಿದ್ದರು. ಅವರ ತಪ್ಪಲ್ಲ ಬಿಡಿ. ದಿನಾ ಪೇಪರ್ ಓದುವುದು, ಯಾವ ಪಕ್ಷ ಸರಿ ಅಂತ ವಾದ ಮಾಡುವುದು, ಇಷ್ಟೇ ಇರುತ್ತೆ ಅಂತ ನಾನೂ ಅಂದುಕೊಂಡಿದ್ದೆ.

ಒಂದು ದಿನ ಮೇಷ್ಟ್ರು ನಮ್ಮಲ್ಲಿ ಮೂವರನ್ನು ಬೋರ್ಡ್ ಹತ್ತಿರ ಕರೆದರು. ಪ್ರವಾಸಕ್ಕೆ ಎಲ್ಲಿಗೆ ಹೋಗೋಣ, ಇಷ್ಟದ ಪ್ರಕಾರ ಬರೆಯಿರಿ ಅಂದರು. ನಾನು ಬೆಟ್ಟ, ಸಮುದ್ರ, ಕಾಡು ಅಂತ ಬರೆದೆ. ಎರಡನೆಯವಳು ಸಮುದ್ರ, ಕಾಡು, ಬೆಟ್ಟ. ಮೂರನೆಯವನು ಕಾಡು, ಬೆಟ್ಟ, ಸಮುದ್ರ. ಈಗ ಎರಡೆರಡನ್ನೇ ಎದುರು ಬದುರು ಇಟ್ಟು ಎಣಿಸಿ. ಬೆಟ್ಟ ಸಮುದ್ರವನ್ನು ಸೋಲಿಸುತ್ತೆ. ಸಮುದ್ರ ಕಾಡನ್ನು ಸೋಲಿಸುತ್ತೆ. ಕಾಡು ಬಂದು ಬೆಟ್ಟವನ್ನೇ ಸೋಲಿಸುತ್ತೆ! ಪ್ರತಿ ಸಲವೂ ಮೂವರಲ್ಲಿ ಇಬ್ಬರ ಬಹುಮತ. ಆದರೂ ಗೆದ್ದವರೇ ಇಲ್ಲ. ಫ್ರಾನ್ಸಿನ ಗಣಿತಜ್ಞ ಕಾಂಡೋರ್ಸೆ 1785ರಲ್ಲೇ ಇದನ್ನು ತೋರಿಸಿದ್ದರಂತೆ. ಚಾಕ್‌ಪೀಸ್ ಕೈಯಲ್ಲಿ ಹಿಡಿದು ಸುಮ್ನೆ ನಿಂತುಬಿಟ್ಟೆ. "ಜನ ಏನು ಬಯಸುತ್ತಾರೆ" ಅಂತ ಅಷ್ಟು ಸಲೀಸಾಗಿ ಹೇಳುತ್ತಿದ್ದೆನಲ್ಲ!

ನ್ಯೂಜಿಲೆಂಡ್ ನೋಡಿ. 1978ರಲ್ಲಿ ಲೇಬರ್ ಪಕ್ಷಕ್ಕೆ ಜಾಸ್ತಿ ಮತ ಬಂತು, ಸರ್ಕಾರ ಮಾಡಿದ್ದು ನ್ಯಾಷನಲ್ ಪಕ್ಷ. 1981ರಲ್ಲೂ ಅದೇ ಕತೆ. ಆ ಸಲ ಸೋಷಿಯಲ್ ಕ್ರೆಡಿಟ್ ಎಂಬ ಮೂರನೇ ಪಕ್ಷಕ್ಕೆ ಶೇ. 20ಕ್ಕಿಂತ ಹೆಚ್ಚು ಮತ ಬಿದ್ದರೂ ಸಿಕ್ಕಿದ್ದು ಎರಡೇ ಸೀಟು. ಯಾರೂ ಮೋಸ ಮಾಡಿರಲಿಲ್ಲ. ಎಣಿಸುವ ನಿಯಮವೇ ಹಾಗಿತ್ತು: ಒಂದೊಂದು ಕ್ಷೇತ್ರದಲ್ಲೂ ಯಾರಿಗೆ ಹೆಚ್ಚು ಮತವೋ ಅವರಿಗೇ ಸೀಟು, ಉಳಿದವರ ಮತಕ್ಕೆ ಏನೂ ಇಲ್ಲ. ಕೊನೆಗೆ 1993ರಲ್ಲಿ ಜನರೇ ಮತ ಹಾಕಿ ಆ ನಿಯಮ ಬದಲಾಯಿಸಿದರು. 1996ರ ಚುನಾವಣೆ ಹೊಸ ಪದ್ಧತಿಯಲ್ಲಿ, ಅಂದರೆ ಪಕ್ಷಕ್ಕೆ ಬಿದ್ದ ಮತದ ಪಾಲಿಗೆ ಹೆಚ್ಚುಕಮ್ಮಿ ತಕ್ಕಷ್ಟು ಸೀಟು ಸಿಗುವ ಹಾಗೆ, ನಡೆಯಿತು.

ನನ್ನ ಪ್ರಕಾರ ಈ ವಿಷಯದ ಜೀವ ಇರೋದೇ ಇಲ್ಲಿ. ಆದರೆ ನಾವು ಓದೋದು ಹೇಗೆ? "ರಾಜ್ಯಶಾಸ್ತ್ರದ ಪಿತಾಮಹ ಯಾರು? ಅರಿಸ್ಟಾಟಲ್." ಒಂದು ಅಂಕ, ಮುಗೀತು. ಆ ಮನುಷ್ಯ ತನ್ನ ಶಿಷ್ಯರ ಜೊತೆ 158 ರಾಜ್ಯಗಳ ಆಡಳಿತ ಪದ್ಧತಿಗಳನ್ನು ಕಲೆಹಾಕಿದ್ದ ಅನ್ನುತ್ತಾರೆ. ಒಂದರ ಪಕ್ಕ ಒಂದಿಟ್ಟು ಹೋಲಿಸಿ ನೋಡುವ ಕೆಲಸ ಅದು. ಪಿತಾಮಹನ ಹೆಸರು ನಮಗೆ ಬಾಯಿಪಾಠ, ಆತ ಮಾಡಿದ ಕೆಲಸ ಮಾತ್ರ ನಮಗೆ ಬೇಡ. ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ಸಂಶೋಧನಾ ವಿಧಾನದ ಪೇಪರ್ ಅಂದರೆ ಎಷ್ಟೋ ಜನ ಓಡುತ್ತಾರೆ. "ಆರ್ಟ್ಸ್ ತಗೊಂಡಿದ್ದೇ ಲೆಕ್ಕ ಬೇಡ ಅಂತ" ಅನ್ನುವವರೇ ಜಾಸ್ತಿ ಅಲ್ವಾ? ನಾನೂ ಮೊದಲ ಟೆಸ್ಟಿನಲ್ಲಿ ಫೇಲ್ ಆದೆ. ಆಮೇಲೆ ಹಳೇ ಚುನಾವಣೆಯೊಂದರ ಫಲಿತಾಂಶ ತಗೊಂಡು, ಪಕ್ಷವಾರು ಮತ ಒಂದು ಕಡೆ, ಸೀಟು ಇನ್ನೊಂದು ಕಡೆ ಬರೆದುಕೊಂಡು ಕೂತೆ. ಕೂಡಿಸೋದು, ಭಾಗಿಸೋದು, ಅಷ್ಟೇ. ರಾತ್ರಿ ಒಂದು ಗಂಟೆಯಾದರೂ ಏಳಲು ಮನಸ್ಸಾಗಲಿಲ್ಲ.

ಈ ವರ್ಷ ಸೇರುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಮೆಸೇಜ್ ಮಾಡಿ. ಆ ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ, ಫೋಟೋ ತೆಗೆದು ಕಳಿಸುತ್ತೇನೆ.