ಗುರುವಾರ ರಾತ್ರಿಯ ಅಕ್ಷರಗಳು

ನಾನು ನೆಲೆಸಿರುವ ಇಲಿನಾಯ್ ರಾಜ್ಯದ ಸಣ್ಣ ಊರಿನ ಮುಖ್ಯರಸ್ತೆಯಲ್ಲಿ ಒಂದೇ ಪರದೆಯ ಹಳೆಯ ಚಿತ್ರಮಂದಿರವಿದೆ. ಅದರ ಮುಂಭಾಗದಿಂದ ಕಾಲುದಾರಿಯ ಮೇಲಕ್ಕೆ ಚಾಚಿಕೊಂಡಿರುವ, ಒಳಗಿನಿಂದ ದೀಪ ಬೆಳಗುವ ಹಾಲುಬಿಳುಪಿನ ಫಲಕವನ್ನು ಇಲ್ಲಿನವರು ಮಾರ್ಕೀ ಎನ್ನುತ್ತಾರೆ. ಫಲಕಕ್ಕೆ ಅಡ್ಡಡ್ಡವಾಗಿ ಹಳಿಗಳಂಥ ತೆಳುವಾದ ಪಟ್ಟಿಗಳಿರುತ್ತವೆ. ಬಿಡಿ ಅಕ್ಷರಗಳನ್ನು ಒಂದೊಂದಾಗಿ ಅವುಗಳಿಗೆ ಸಿಕ್ಕಿಸಿ ಚಿತ್ರದ ಹೆಸರನ್ನು ಜೋಡಿಸುತ್ತಾರೆ. ಹೊಸ ಚಿತ್ರ ಶುಕ್ರವಾರ ಬರುವುದರಿಂದ ಈ ಕೆಲಸ ನಡೆಯುವುದು ಗುರುವಾರ ರಾತ್ರಿ, ಕೊನೆಯ ಆಟ ಮುಗಿದ ಮೇಲೆ. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಕೆಲಸ ಮುಗಿಸಿ ನಡೆದು ಬರುತ್ತಿದ್ದಾಗ ಅದನ್ನು ನಾನು ಹತ್ತಿರದಿಂದ ನೋಡಿದೆ. ವಯಸ್ಸಾದ ಕೆಲಸಗಾರರೊಬ್ಬರು ಕಾಲುದಾರಿಯ ಮೇಲೆ ಅಕ್ಷರಗಳನ್ನು ಸಾಲಾಗಿ ಹರಡಿಕೊಂಡು, ಚೀಟಿಯೊಂದನ್ನು ನೋಡಿಕೊಳ್ಳುತ್ತಾ, ತುದಿಗೆ ರಬ್ಬರಿನ ಬಟ್ಟಲು ಕಟ್ಟಿದ ಉದ್ದನೆಯ ಕೋಲಿನಿಂದ ಒಂದೊಂದನ್ನೇ ಎತ್ತಿ ಪಟ್ಟಿಗೆ ಕೂರಿಸುತ್ತಿದ್ದರು. ಪೆಟ್ಟಿಗೆಯಲ್ಲಿ 'ಎಂ' ಮುಗಿದಿತ್ತು. ಅವರು ಒಂದು 'ಡಬ್ಲ್ಯು'ವನ್ನು ತಲೆಕೆಳಗು ಮಾಡಿ ಸಿಕ್ಕಿಸಿ, ರಸ್ತೆಯ ಆಚೆ ಬದಿಗೆ ಹೋಗಿ ನಿಂತು, ಸಾಲು ನೆಟ್ಟಗಿದೆಯೇ ಎಂದು ನೋಡಿ ಬಂದರು.

ಆ ರಾತ್ರಿ ನನಗೆ ಬೆಂಗಳೂರಿನ ಕೆಂಪೇಗೌಡ ರಸ್ತೆ ನೆನಪಾಯಿತು. ಸಾಗರ್, ಸಂತೋಷ್, ನರ್ತಕಿ, ತ್ರಿಭುವನ್, ಮೇನಕಾ ಎಂದು ಚಿತ್ರಮಂದಿರಗಳ ಹೆಸರು ಹೇಳಿಕೊಂಡೇ ದಾರಿ ಗುರುತಿಸುತ್ತಿದ್ದ ಕಾಲ ಅದು. ನಮ್ಮಲ್ಲಿಯೂ ಶುಕ್ರವಾರದ ಹೊತ್ತಿಗೆ ಮುಂಭಾಗ ಬದಲಾಗುತ್ತಿತ್ತು, ಆದರೆ ಬದಲಾಗುವ ರೀತಿ ಬೇರೆಯಾಗಿತ್ತು. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರಗಳ ಪೆಟ್ಟಿಗೆ ಸಾಕು. ಯಾವ ಹೆಸರನ್ನಾದರೂ ಅದರಿಂದ ಕಟ್ಟಿ, ವಾರ ಕಳೆದ ಮೇಲೆ ಬಿಚ್ಚಿ ಅದರೊಳಕ್ಕೇ ಹಾಕಬಹುದು. ಕನ್ನಡಕ್ಕೆ ಅದು ಒಗ್ಗುವುದಿಲ್ಲ. ಮೂವತ್ತನಾಲ್ಕು ವ್ಯಂಜನಗಳ ಕಾಗುಣಿತವನ್ನಷ್ಟೇ ಲೆಕ್ಕ ಹಾಕಿದರೂ ನಾನೂರು ದಾಟುತ್ತದೆ, ಒತ್ತಕ್ಷರಗಳಂತೂ ಪಟ್ಟಿಯ ಕೆಳಗೆ ಇಳಿಬೀಳುತ್ತವೆ. ಹಾಗಾಗಿ ನಮ್ಮಲ್ಲಿ ಪ್ರತಿ ಚಿತ್ರದ ಹೆಸರನ್ನೂ ಒಬ್ಬ ಕಲಾವಿದ ಹೊಸದಾಗಿ ಬರೆಯಬೇಕಾಗಿತ್ತು. ಭಕ್ತಿಯ ಚಿತ್ರಕ್ಕೆ ಒಂದು ಬಗೆಯ ಅಕ್ಷರ, ಹೊಡೆದಾಟದ ಚಿತ್ರಕ್ಕೆ ರಕ್ತ ತೊಟ್ಟಿಕ್ಕುವಂಥ ಅಕ್ಷರ. ಓದು ಬಾರದವರೂ ಆ ಬರವಣಿಗೆಯ ಬಾಗು ಬಳುಕು ನೋಡಿ ಇದು ಎಂಥ ಚಿತ್ರವೆಂದು ಹೇಳಬಲ್ಲವರಾಗಿದ್ದರು. ಇಲ್ಲಿನ ಮಾರ್ಕೀಯಲ್ಲಿ ಹಾಸ್ಯಚಿತ್ರಕ್ಕೂ ದುರಂತಕ್ಕೂ ಒಂದೇ ಕಪ್ಪು ಅಕ್ಷರ.

ಚಿತ್ರಮಂದಿರದ ಹಿಂದಿನ ಓಣಿಯೊಂದರಲ್ಲಿ ಬ್ಯಾನರ್ ಬರೆಯುವುದನ್ನು ನಾನು ಬಾಲಕನಾಗಿ ಗಂಟೆಗಟ್ಟಲೆ ನೋಡುತ್ತಾ ನಿಂತಿದ್ದೇನೆ. ಕಲಾವಿದರು ಕೈಯಲ್ಲಿರುವ ಸಣ್ಣ ಫೋಟೊದ ಮೇಲೆ ಚೌಕುಳಿ ಗೆರೆ ಹಾಕಿ, ಅದೇ ಚೌಕುಳಿಯನ್ನು ಆಳೆತ್ತರದ ಬಟ್ಟೆಯ ಮೇಲೆ ಹಿಗ್ಗಿಸಿ, ಮುಖವನ್ನು ತುಂಡುತುಂಡಾಗಿ ಬೆಳೆಸುತ್ತಿದ್ದರು. ಕೆನ್ನೆಗೆ ಗುಲಾಬಿ, ನೆರಳಿಗೆ ನೀಲಿ, ಕೊನೆಯಲ್ಲಿ ಕಣ್ಣೊಳಗೆ ಒಂದು ಬಿಳಿಯ ಚುಕ್ಕೆ. ಆ ಚುಕ್ಕೆ ಬಿದ್ದೊಡನೆ ಮುಖಕ್ಕೆ ಜೀವ ಬರುತ್ತಿತ್ತು. ಚಿತ್ರ ಹೋದ ಮೇಲೆ ಅದೇ ಬಟ್ಟೆಗೆ ಸುಣ್ಣದಂಥ ಬಿಳಿ ಬಳಿದು ಮುಂದಿನ ಚಿತ್ರಕ್ಕೆ ಅಣಿಗೊಳಿಸುತ್ತಿದ್ದರು. ಅಷ್ಟು ದಿನಗಳ ದುಡಿಮೆ ಒಂದು ಮಧ್ಯಾಹ್ನದಲ್ಲಿ ಮುಚ್ಚಿಹೋಗುವುದನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಗುತ್ತಿತ್ತು.

ಇನ್ನೊಂದು ವ್ಯತ್ಯಾಸವನ್ನು ಹೇಳಲೇಬೇಕು. ಇಲ್ಲಿ ಹೆಸರು ಬದಲಾಗದಿದ್ದರೆ ಫಲಕವೂ ಹಾಗೆಯೇ ಇರುತ್ತದೆ. ನಮ್ಮಲ್ಲಿ ಹೆಸರು ಉಳಿದು ಅಂಕಿ ಬದಲಾಗುತ್ತಿತ್ತು: 'ಯಶಸ್ವಿ 4ನೇ ವಾರ', 'ಅಮೋಘ 25ನೇ ವಾರ', 'ದಿನಾ 4 ಆಟಗಳು'. 1972ರ 'ಬಂಗಾರದ ಮನುಷ್ಯ' ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಎರಡು ವರ್ಷ ಅದೇ ಮುಖಗಳು ಬಿಸಿಲು ಮಳೆಗೆ ಒಡ್ಡಿಕೊಂಡು ನಿಂತಿರಲು, ಪಕ್ಕದ ಅಂಕಿಯೊಂದೇ ವಾರವಾರವೂ ಏರುತ್ತಾ ಹೋಯಿತು. ಅದರ ಮೇಲೆ ಅಭಿಮಾನಿ ಸಂಘಗಳು ತೂಗುಹಾಕುವ ಸ್ಟಾರುಗಳು, ಹೂವಿನ ಹಾರಗಳು, ಕಟೌಟಿನ ತಲೆಗೆ ಹಾಲಿನ ಅಭಿಷೇಕ. ನಮ್ಮ ಮುಂಭಾಗ ನಟನದ್ದಾಗಿತ್ತು.

ಇಲ್ಲಿನ ಮಾರ್ಕೀಯಾದರೋ ಊರಿನದು. ಪ್ರೌಢಶಾಲೆಯ ಮಕ್ಕಳು ತೇರ್ಗಡೆಯಾದರೆ ಅದರ ಒಂದು ಬದಿಯಲ್ಲಿ ಅಭಿನಂದನೆ ಕಾಣುತ್ತದೆ, ಯಾರದೋ ಮದುವೆಯಾದರೆ ಶುಭಾಶಯ. 2020ರ ಮಾರ್ಚಿನಲ್ಲಿ ಅಮೆರಿಕದ ಬಹುತೇಕ ಚಿತ್ರಮಂದಿರಗಳು ಮುಚ್ಚಿದಾಗ ಅನೇಕ ಊರುಗಳಲ್ಲಿ ಚಿತ್ರದ ಹೆಸರುಗಳನ್ನು ತೆಗೆದು 'ಕ್ಷೇಮವಾಗಿರಿ', 'ಮತ್ತೆ ಸಿಗೋಣ' ಎಂಬ ಮಾತುಗಳನ್ನು ಅದೇ ಅಕ್ಷರಗಳಿಂದ ಜೋಡಿಸಿದರು. ಖಾಲಿ ರಸ್ತೆಯಲ್ಲಿ ಅದನ್ನು ಓದಿಕೊಂಡು ಹೋಗುವಾಗ ನನಗೆ ಗಂಟಲು ಕಟ್ಟಿತ್ತು. ಸಿನಿಮಾಕ್ಕೇ ಹೋಗದವರೂ ಆ ಫಲಕವನ್ನು ತಮ್ಮದೆಂದು ತಿಳಿಯುವುದಕ್ಕೆ ಕಾರಣ ಇದೇ ಎಂದು ನನಗನಿಸುತ್ತದೆ. ತಮ್ಮದೆಂದು ತಿಳಿದದ್ದನ್ನು ಜನ ಕಾಪಾಡುತ್ತಾರೆ. 1921ರಲ್ಲಿ ತೆರೆದ ಶಿಕಾಗೊ ಥಿಯೇಟರಿನ ಮಾರ್ಕೀಯನ್ನು 1994ರಲ್ಲಿ ಬದಲಿಸಬೇಕಾದಾಗ ಹಳೆಯದರ ರೂಪದಲ್ಲಿಯೇ ಹೊಸದನ್ನು ನಿಲ್ಲಿಸಿದರು. ಹಳೆಯದು ಮುಂದೆ ವಸ್ತುಸಂಗ್ರಹಾಲಯಗಳನ್ನು ನಡೆಸುವ ಸ್ಮಿತ್ಸೋನಿಯನ್ ಸಂಸ್ಥೆಗೆ ಸೇರಿತು. ಎಲ್ಲೆಡೆ ಹೀಗಾಗಿಲ್ಲ, ಎಷ್ಟೋ ಕಡೆ ಅಕ್ಷರಗಳ ಜಾಗಕ್ಕೆ ಮಿನುಗುವ ಎಲ್‌ಇಡಿ ಪರದೆ ಬಂದು ಕೋಲು ಮೂಲೆ ಸೇರಿದೆ.

ಕೆಂಪೇಗೌಡ ರಸ್ತೆಯಲ್ಲಿ ಸಾಗರ್ ಇಲ್ಲ. ಸ್ವಲ್ಪ ದೂರದ ಕಪಾಲಿಯನ್ನು ಕೆಡವಿದರು. 1974ರಲ್ಲಿ ಆರಂಭವಾದ ಕಾವೇರಿ, ಐವತ್ತು ತುಂಬಿದ 2024ರಲ್ಲಿ ಬಾಗಿಲು ಮುಚ್ಚಿತು. ಬ್ಯಾನರ್ ಕಲೆಯನ್ನು ಫ್ಲೆಕ್ಸ್ ಅದಕ್ಕೂ ಮೊದಲೇ ನುಂಗಿತ್ತು. ನೆಲದ ಬೆಲೆ ಏರಿದ ನಗರದಲ್ಲಿ ಒಂದು ಪರದೆಗಾಗಿ ಸಾವಿರ ಆಸನಗಳನ್ನು ಇಟ್ಟುಕೊಂಡು ಕೂರಿ ಎಂದು ಮಾಲೀಕರಿಗೆ ದೂರದಲ್ಲಿ ಕುಳಿತು ಹೇಳುವುದು ನ್ಯಾಯವಲ್ಲ, ನಾನು ಹಾಗೆ ಹೇಳುತ್ತಲೂ ಇಲ್ಲ. ನನ್ನ ಕೋರಿಕೆ ಚಿಕ್ಕದು. ಬಟ್ಟೆಯ ಮೇಲಿನ ಮುಖಗಳು ಹೇಗೂ ಉಳಿಯಲಿಲ್ಲ. ಆದರೆ ಚಿತ್ರಮಂದಿರದ ಹೆಸರನ್ನು ಹೇಳುವ ದಪ್ಪ ಕನ್ನಡ ಅಕ್ಷರಗಳು ನೆತ್ತಿಯ ಮೇಲೆ ಬಿಡಿಬಿಡಿಯಾಗಿ ಕೂತಿರುತ್ತವೆ, ಒತ್ತು ದೀರ್ಘಗಳ ಸಮೇತ. ಊರಿನ ವಸ್ತುಸಂಗ್ರಹಾಲಯದ ಒಂದು ಗೋಡೆ ಅವುಗಳಿಗೆ ಸಾಕಾಗುತ್ತದೆ. ಕಟ್ಟಡ ಕೆಡವುವ ಹಿಂದಿನ ದಿನ ಅವನ್ನು ಜೋಪಾನವಾಗಿ ಇಳಿಸಲು ಬೇಕಾದದ್ದು ಒಂದು ಏಣಿ, ಇಬ್ಬರು ಆಳು, ಅರ್ಧ ದಿನದ ಸಮಯ.